140 ಮಕ್ಕಳ ಹೋಂವರ್ಕ್ ಎಲ್ಲಿ ಇಡೋದು?

ಪ್ರಶ್ನೆ: ಸಾಗರದ ಹತ್ತಿರ 8ರಿಂದ 10ನೇ ತರಗತಿ ಮಕ್ಕಳಿಗೆ ಗಣಿತ, ವಿಜ್ಞಾನದ ಟ್ಯೂಷನ್ ನಡೆಸುತ್ತೇನೆ. ಮೂವರು ಟೀಚರ್‌ಗಳು, ನಾಲ್ಕು ಬ್ಯಾಚ್, ಒಟ್ಟು 140 ಮಕ್ಕಳು. ವಾರಕ್ಕೆ ಎರಡು ಕ್ಲಾಸ್ ಆನ್‌ಲೈನ್, ಮಳೆಗಾಲದಲ್ಲಿ ಅದೇ ಜಾಸ್ತಿ. ಈಗ ಎಲ್ಲಾ ವಾಟ್ಸಾಪ್‌ನಲ್ಲೇ ನಡೆಯುತ್ತಿದೆ. ಹೋಂವರ್ಕ್ ಫೋಟೊ ತುಂಬಿ ಫೋನ್ ನಿಂತುಹೋಗುತ್ತದೆ, ಯಾರು ಕಳಿಸಿದರು ಯಾರು ಕಳಿಸಲಿಲ್ಲ ಅಂತ ಲೆಕ್ಕ ಸಿಗಲ್ಲ. ಒಂದು ಕಂಪನಿಯ ಆ್ಯಪ್ ತಗೊಂಡಿದ್ದೆವು, ಎರಡನೇ ವರ್ಷ ದುಡ್ಡು ಜಾಸ್ತಿ ಕೇಳಿದರು, ಬಿಟ್ಟೆವು. ನಾವು ಹಾಕಿದ ಪ್ರಶ್ನೆಗಳೆಲ್ಲ ಅಲ್ಲೇ ಉಳಿದವು. ಮೂಡಲ್, ಬಿಗ್‌ಬ್ಲೂಬಟನ್, ಜಿಟ್ಸಿ ಎಲ್ಲ ಓಪನ್ ಸೋರ್ಸ್, ಪುಕ್ಕಟೆ ಅಂತ ನನ್ನ ತಮ್ಮ ಹೇಳುತ್ತಾನೆ. ನಿಜಾನಾ? ಯಾವುದು ಹಾಕಿಕೊಳ್ಳಲಿ? ಕನ್ನಡ ಬರುತ್ತಾ? ಕಂಪ್ಯೂಟರ್ ಅಷ್ಟು ಗೊತ್ತಿಲ್ಲದ ನನ್ನಂಥವಳು ನಡೆಸಬಹುದಾ?

ಉತ್ತರ:

ಮೇಡಂ, ನಿಮ್ಮ ತಮ್ಮ ಹೇಳಿದ್ದು ಅರ್ಧ ಸರಿ. ನೋಟ್ಸ್, ಹೋಂವರ್ಕ್, ಮಾರ್ಕ್ಸ್ ಎಲ್ಲ ಒಂದೇ ಕಡೆ ಇಡುವ ಮೂಡಲ್ ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್. ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. 140 ಮಕ್ಕಳು ನಾಳೆ 400 ಆದರೂ ಕೇಳುವುದಿಲ್ಲ. ಆದರೆ ಯಾರೋ ಹಸು ಪುಕ್ಕಟೆ ಕೊಟ್ಟರು ಅಂದಮಾತ್ರಕ್ಕೆ ಹುಲ್ಲು, ಹಿಂಡಿ ಕೂಡ ಪುಕ್ಕಟೆ ಬರುತ್ತದಾ? ಕೊಟ್ಟಿಗೆ ಬಾಚೋರು ಯಾರು? ಆ ಲೆಕ್ಕ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಬೇರೆ. ಪ್ರಶ್ನೆಗಳೆಲ್ಲ ಅಲ್ಲೇ ಉಳಿದವು ಅಂದಿದ್ದೀರಲ್ಲ, ಅದು. ಟ್ಯೂಷನ್ ನಡೆಸುವವರ ಆಸ್ತಿ ಅಂದರೆ ವರ್ಷಾನುಗಟ್ಟಲೆ ಕೂತು ಮಾಡಿದ ಪ್ರಶ್ನೆಗಳೇ. ಅದು ಇನ್ನೊಬ್ಬರ ಬೀರುವಿನಲ್ಲಿ, ಬೀಗದ ಕೈ ಅವರ ಹತ್ತಿರ. ಮೂಡಲ್‌ನಲ್ಲಿ ಒಂದು ಕೋರ್ಸ್ ಪೂರ್ತಿ, ಅಂದರೆ ಪಾಠ, ಹೋಂವರ್ಕ್, ಪ್ರಶ್ನೆ ಭಂಡಾರ ಎಲ್ಲ ಸೇರಿಸಿ ಒಂದೇ ಬ್ಯಾಕಪ್ ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದು. ಬೇರೆ ಕಡೆ ಇನ್ನೊಂದು ಮೂಡಲ್ ಹಾಕಿ ಅದನ್ನು ತೆರೆದರೆ ಎಲ್ಲ ಇದ್ದ ಹಾಗೇ ಬರುತ್ತದೆ. ಸರ್ವರ್, ಅಂದರೆ ಮೂಡಲ್ ಓಡುವ ಕಂಪ್ಯೂಟರ್, ಬಾಡಿಗೆಗೆ ಕೊಟ್ಟವರು ದರ ಏರಿಸಿದರೆ ಗಂಟು ಕಟ್ಟಿಕೊಂಡು ಇನ್ನೊಬ್ಬರ ಹತ್ತಿರ ಹೋದರಾಯಿತು. ನಾನು ಓಪನ್ ಸೋರ್ಸ್ ಹಿಡಿಯಿರಿ ಅನ್ನೋದು ಇದಕ್ಕೇ, ದುಡ್ಡು ಉಳಿಯುತ್ತದೆ ಅಂತಲ್ಲ.

ಈಗ ನೀವು ಬರೆದ ಮೂರು ಹೆಸರು. ಮೂರೂ ಒಂದೇ ಕೆಲಸಕ್ಕಲ್ಲ. ಜಿಟ್ಸಿ, ಬಿಗ್‌ಬ್ಲೂಬಟನ್ ಎರಡೂ ಮುಖ ನೋಡಿ ಪಾಠ ಮಾಡೋಕೆ. ಮೂಡಲ್ ಹಾಗಲ್ಲ, ಅದು ಹಾಜರಿ ಪುಸ್ತಕ, ನೋಟ್ಸ್ ಬೀರು, ಹೋಂವರ್ಕ್ ಕಟ್ಟು, ಮಾರ್ಕ್ಸ್ ರಿಜಿಸ್ಟರ್ ಎಲ್ಲ ಸೇರಿದ ಸ್ಟಾಫ್ ರೂಮ್ ಇದ್ದ ಹಾಗೆ. ನಿಮ್ಮ ತಲೆನೋವು ಪೂರ್ತಿ ಸ್ಟಾಫ್ ರೂಮಿನದ್ದು. ವಿಡಿಯೊ ಕ್ಲಾಸ್ ಬಗ್ಗೆ ನೀವು ಒಂದು ದೂರೂ ಬರೆದಿಲ್ಲ ನೋಡಿ. ಹಾಗಾಗಿ ಅದಕ್ಕೆ ಈಗ ಏನು ಬಳಸುತ್ತಿದ್ದೀರೋ ಈ ವರ್ಷ ಅದನ್ನೇ ಬಳಸಿ. ಎಲ್ಲವನ್ನೂ ಒಂದೇ ಸಲ ಬದಲಾಯಿಸೋಕೆ ಹೋದವರು ಹದಿನೈದು ದಿನದಲ್ಲಿ ವಾಪಸ್ ವಾಟ್ಸಾಪ್‌ಗೆ ಬಂದಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮೂಡಲ್ ಶುರು ಮಾಡಿದ ಮಾರ್ಟಿನ್ ಡೌಗಿಯಮಾಸ್ ಬೆಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ. ಹತ್ತಿರದಲ್ಲಿ ಶಾಲೆ ಇರಲಿಲ್ಲ, ರೇಡಿಯೊದಲ್ಲಿ ಪಾಠ ಕೇಳಿ ಕಲಿತ ಮನುಷ್ಯ. 2002ರ ಆಗಸ್ಟ್‌ನಲ್ಲಿ ಮೂಡಲ್‌ನ ಮೊದಲ ಆವೃತ್ತಿ ಬಂತು. ಮೇಷ್ಟ್ರು ಒಂದು ಕಡೆ, ಮಕ್ಕಳು ಇನ್ನೊಂದು ಕಡೆ, ನಡುವೆ ಸರಿಯಾದ ಸಂಪರ್ಕ ಇಲ್ಲ ಅನ್ನೋ ಸ್ಥಿತಿ ಅವರಿಗೆ ಗೊತ್ತಿತ್ತು. ಮಲೆನಾಡಿನ ಜುಲೈ ತಿಂಗಳೂ ಹಾಗೇ ಅಲ್ವಾ?

ಖರ್ಚಿಗೆ ಬರೋಣ. ಒಂದು ಡೊಮೇನ್ ಹೆಸರು, ಅಂದರೆ ನಿಮ್ಮ ತಾಣದ ವಿಳಾಸ, ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಬಾಡಿಗೆಗೆ ಒಂದು ಸಣ್ಣ ಸರ್ವರ್. ಒಂದೇ ಸರ್ವರನ್ನು ಬಹಳ ಜನ ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್ ಬೇಡ, ನಿಮ್ಮ ಪಾಲು ನಿಮಗೇ ಅಂತ ಇರುವ ವಿಪಿಎಸ್ ಕೇಳಿ, 4 ಜಿಬಿ ರ್‍ಯಾಮ್ ಇರಲಿ, ತಿಂಗಳಿಗೆ ಅದೂ ಹೆಚ್ಚುಕಮ್ಮಿ ಸಾವಿರದ ಲೆಕ್ಕ. ಒಂದೇ ಹೊತ್ತಿಗೆ ಒಳಗೆ ಇರುವ 10ರಿಂದ 20 ಜನಕ್ಕೆ 1 ಜಿಬಿ ರ್‍ಯಾಮ್ ಅನ್ನೋದು ಮೂಡಲ್ ನಡೆಸುವವರ ಹಳೆಯ ಅಂದಾಜು. ನಿಮ್ಮಲ್ಲಿ 140 ಮಕ್ಕಳಿದ್ದರೂ ಎಲ್ಲರೂ ಒಟ್ಟಿಗೆ ಬರುವುದಿಲ್ಲ. ಒಟ್ಟಿಗೆ ಬರುವ ಹಾಗೆ ನೀವು ಮಾಡಲೂಬಾರದು. ನಾನು ಮಾಡಿದ್ದೆ. ಸಂಜೆ 7ಕ್ಕೆ ಸರಿಯಾಗಿ ಟೆಸ್ಟ್, 15 ನಿಮಿಷ, ಎಲ್ಲರೂ ರೆಡಿ ಇರಿ ಅಂತ ದೊಡ್ಡದಾಗಿ ಮೆಸೇಜ್ ಹಾಕಿದೆ. 60 ಮಕ್ಕಳು 7ಕ್ಕೆ ಸರಿಯಾಗಿ ಒತ್ತಿದರು, ಸರ್ವರ್ ಮಲಗಿತು, 7:20ಕ್ಕೆ ಎದ್ದಾಗ ಟೆಸ್ಟ್ ಮುಗಿದಿತ್ತು. ಮಾರನೇ ದಿನ ಅಪ್ಪ ಅಮ್ಮಂದಿರ ಫೋನ್ ಎತ್ತಿ ಎತ್ತಿ ಸಾಕಾಯಿತು. ಈಗ ಟೆಸ್ಟ್ ಬಾಗಿಲು ಸಂಜೆ 6ರಿಂದ ರಾತ್ರಿ 10ರ ತನಕ ತೆಗೆದೇ ಇಡುತ್ತೇನೆ. ಯಾವಾಗ ಬೇಕಾದರೂ ಬಂದು ಬರೆಯಲಿ.

ಹಾಕೋದು ಹೇಗೆ ಅನ್ನೋದು ನಿಮ್ಮ ತಮ್ಮನಿಗೆ. ಉಬುಂಟು, ಪಿಎಚ್‌ಪಿ, ಮಾರಿಯಾಡಿಬಿ ಅಂತ ಮೂಡಲ್ ಓಡೋಕೆ ಸರ್ವರ್‌ನಲ್ಲಿ ಹಾಕುವ ಸಾಫ್ಟ್‌ವೇರ್‌ಗಳು ಗೊತ್ತಿದ್ದರೆ ಅರ್ಧ ದಿನದ ಕೆಲಸ. ಎಲ್‌ಟಿಎಸ್, ಅಂದರೆ ಹೆಚ್ಚು ಕಾಲ ತೇಪೆ ಸಿಗುವ ಆವೃತ್ತಿಯನ್ನೇ ಹಾಕಲಿ, ಸುಮ್ನೆ ಹೊಸದರ ಹಿಂದೆ ಓಡೋದು ಬೇಡ. 2024ರ ಅಕ್ಟೋಬರ್‌ನಲ್ಲಿ ಬಂದ 4.5 ಅಂಥದ್ದು, 2027ರ ಅಕ್ಟೋಬರ್ ತನಕ ಸೆಕ್ಯುರಿಟಿ ತೇಪೆ ಬರುತ್ತಿರುತ್ತದೆ. ಮೂಡಲ್‌ಡೇಟಾ ಅನ್ನೋ ಫೋಲ್ಡರ್ ವೆಬ್‌ಗೆ ಕಾಣುವ ಜಾಗದಲ್ಲಿ ಇಡಬಾರದು, ಮಕ್ಕಳ ಎಲ್ಲ ಫೈಲ್ ಇರೋದು ಅದರಲ್ಲೇ. ಹಿನ್ನೆಲೆಯ ಕೆಲಸಗಳನ್ನು ತಾನಾಗೇ ಮಾಡಿಸುವ ಕ್ರಾನ್ ಅನ್ನೋದನ್ನು ನಿಮಿಷಕ್ಕೊಮ್ಮೆ ಓಡುವ ಹಾಗೆ ಹಾಕಲಿ. ಇದನ್ನು ಮರೆತರೆ ಹೊರಗಿನಿಂದ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ, ಆದರೆ ಒಂದು ನೋಟಿಫಿಕೇಶನ್ನೂ ಹೋಗುವುದಿಲ್ಲ, ಒಂದು ಇಮೇಲೂ ಹೋಗುವುದಿಲ್ಲ, ನೀವು ಮಕ್ಕಳಿಗೆ ಬೈಯುತ್ತಾ ಕೂತಿರುತ್ತೀರಿ.

ಇನ್ನು ಹೋಂವರ್ಕ್. ನಿಮಗೆ ಬೇಕಾಗಿರೋದು ಇದೇ, ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇನೆ.

10ನೇ ಕ್ಲಾಸಿಗೆ √2 ಒಂದು ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ ಅಂತ ಕೊಟ್ಟಿರಿ ಅಂದುಕೊಳ್ಳಿ. ಮೂಡಲ್‌ನಲ್ಲಿ ಅಸೈನ್‌ಮೆಂಟ್ ಅಂತ ಒಂದು ಹಾಕುತ್ತೀರಿ, ಕೊನೆಯ ದಿನ ಗುರುವಾರ ರಾತ್ರಿ ಅಂತ ಬರೆಯುತ್ತೀರಿ. ಮಗು ನೋಟ್‌ಬುಕ್‌ನಲ್ಲಿ ಬರೆದು, ಫೋಟೊ ತೆಗೆದು, ಮೂಡಲ್ ಆ್ಯಪ್‌ನಿಂದ ಕಳಿಸುತ್ತದೆ. ನೀವು ಶುಕ್ರವಾರ ಬೆಳಿಗ್ಗೆ ತೆರೆದರೆ ಒಂದು ಪಟ್ಟಿ: 38 ಜನರಲ್ಲಿ 31 ಜನ ಕಳಿಸಿದ್ದಾರೆ, ಏಳು ಜನ ಇಲ್ಲ, ಆ ಏಳು ಜನ ಇವರು. ವಾಟ್ಸಾಪ್‌ನಲ್ಲಿ ಅರ್ಧ ಗಂಟೆ ಬೆರಳಾಡಿಸಿದರೂ ಸಿಗದ ಲೆಕ್ಕ ಇದು. ಪಟ್ಟಿಯಿಂದ ಒಂದು ಹೆಸರು ಒತ್ತಿದರೆ ಪುಟ ಎಡಗಡೆ, ಮಾರ್ಕ್ಸ್ ಹಾಕುವ ಜಾಗ ಬಲಗಡೆ. ಪುಟದ ಮೇಲೇ ಕೆಂಪು ಗೆರೆ ಎಳೆಯಬಹುದು, ಟಿಕ್ ಹಾಕಬಹುದು, "ಇಲ್ಲಿ ಸಹ ಅವಿಭಾಜ್ಯ ಅಂತ ಬರೆಯೋದು ಮರೆತೆ" ಅಂತ ಪಕ್ಕದಲ್ಲಿ ಚೀಟಿ ಅಂಟಿಸಬಹುದು. ಅದೇ ಮಾತು ಹತ್ತು ಮಕ್ಕಳಿಗೆ ಬರೆಯಬೇಕಾದರೆ ಒಮ್ಮೆ ಕ್ವಿಕ್‌ಲಿಸ್ಟ್‌ಗೆ ಸೇರಿಸಿಟ್ಟು ಆಮೇಲೆ ಒತ್ತುತ್ತಾ ಹೋಗೋದು. ಮುಂದಿನ ಮಗು ಅಂತ ಒತ್ತಿದರೆ ಮುಂದಿನ ಪುಟ ಬರುತ್ತದೆ. ತಿದ್ದಿದ ಪುಟ ಆ ಮಗುವಿಗೆ ಮಾತ್ರ ಕಾಣುತ್ತದೆ, ಇಡೀ ಗ್ರೂಪಿಗಲ್ಲ. ತಪ್ಪು ಎಲ್ಲರ ಮುಂದೆ ಕಾಣುತ್ತದೆ ಅನ್ನೋ ನಾಚಿಕೆಗೇ ಹೋಂವರ್ಕ್ ಕಳಿಸದ ಮಕ್ಕಳು ಇರುತ್ತಾರೆ, ನಿಮಗೇ ಗೊತ್ತು.

ಇದು ನಡೆಯಬೇಕಾದರೆ ಎರಡು ಸಣ್ಣ ಕೆಲಸ ಆಗಿರಬೇಕು, ಯಾರೂ ಮುಂಚೆ ಹೇಳೋದಿಲ್ಲ. ಒಂದು, ಸರ್ವರ್‌ನಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಅನ್ನೋ ಸಾಫ್ಟ್‌ವೇರ್ ಇರಬೇಕು, ಅದು ಎಲ್ಲಿದೆ ಅಂತ ಮೂಡಲ್‌ಗೆ ತಿಳಿಸಿರಬೇಕು. ಇಲ್ಲದಿದ್ದರೆ ಪುಟದ ಮೇಲೆ ಗೆರೆ ಎಳೆಯೋಕೆ ಬರೋದಿಲ್ಲ. ಶೇರ್ಡ್ ಹೋಸ್ಟಿಂಗ್ ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ, ಅಲ್ಲಿ ಬಹಳ ಸಲ ಅದನ್ನು ಹಾಕೋಕೆ ಬಿಡೋದಿಲ್ಲ. ಇನ್ನೊಂದು, ಪಿಎಚ್‌ಪಿ ತನ್ನಷ್ಟಕ್ಕೆ ಬಿಟ್ಟರೆ 2 ಎಂಬಿಗಿಂತ ದೊಡ್ಡ ಫೈಲ್ ಒಳಗೆ ಬಿಡೋದಿಲ್ಲ. ಈಗಿನ ಫೋನಿನ ಒಂದು ಫೋಟೊ ಸುಲಭವಾಗಿ 4 ಎಂಬಿ ಇರುತ್ತದೆ. ಮಗು ಕಳಿಸಿದೆ ಮಿಸ್ ಅನ್ನುತ್ತದೆ, ನಿಮಗೆ ಬಂದಿರೋದಿಲ್ಲ, ಇಬ್ಬರದೂ ಸುಳ್ಳಲ್ಲ. ಮಿತಿ ಏರಿಸಿ.

ಹಾಗಂತ ಪೂರ್ತಿ ಬಿಟ್ಟುಕೊಡಬೇಡಿ. ಲೆಕ್ಕ ಹಾಕಿ: 140 ಮಕ್ಕಳು, ವಾರಕ್ಕೆ ಎರಡು ಹೋಂವರ್ಕ್, ಒಂದಕ್ಕೆ ಮೂರು ಪುಟ, ವಾರಕ್ಕೆ 840 ಫೋಟೊ. ಒಂದೊಂದು 4 ಎಂಬಿ ಅಂದರೆ ವಾರಕ್ಕೆ 3.3 ಜಿಬಿ. ನಾಲ್ಕು ತಿಂಗಳಿಗೆ ಸಣ್ಣ ಸರ್ವರ್ ತುಂಬಿತು. ಅದೇ ಫೋಟೊ 300 ಕೆಬಿಗೆ ಇಳಿದರೆ ವಾರಕ್ಕೆ 250 ಎಂಬಿ ಅಷ್ಟೆ, ಅಕ್ಷರ ಚೆನ್ನಾಗೇ ಕಾಣುತ್ತದೆ. ಹೇಗೆ ಇಳಿಸೋದು? ಯಾವುದಾದರೂ ಸ್ಕ್ಯಾನ್ ಆ್ಯಪ್. ಅಥವಾ ನಮ್ಮ ಮಕ್ಕಳೇ ಕಂಡುಹಿಡಿದ ಉಪಾಯ, ಫೋಟೊ ಒಮ್ಮೆ ವಾಟ್ಸಾಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡು, ಸಣ್ಣದಾಗಿ ಬಂದದ್ದನ್ನು ಮೂಡಲ್‌ಗೆ ಹಾಕೋದು. ನಾನೇನೂ ಹೇಳಿಕೊಟ್ಟಿರಲಿಲ್ಲ.

ಕನ್ನಡ ಬರುತ್ತಾ ಅಂದಿರಿ. ಬರುತ್ತದೆ, ಎರಡು ರೀತಿಯಲ್ಲಿ ನೋಡಬೇಕು. ಮೂಡಲ್‌ನ ಮೆನು, ಬಟನ್‌ಗಳಿಗೆ ಕನ್ನಡ ಭಾಷಾ ಪ್ಯಾಕ್ ಇದೆ, ಆದರೆ ಪೂರ್ತಿ ಅನುವಾದ ಆಗಿಲ್ಲ. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಕಾಣುತ್ತದೆ. ಮಕ್ಕಳು ದಿನಾ ನೋಡುವ ಇಪ್ಪತ್ತು ಮೂವತ್ತು ಪದ ಇರುತ್ತವಲ್ಲ, ಅಷ್ಟನ್ನು ಲ್ಯಾಂಗ್ವೇಜ್ ಕಸ್ಟಮೈಸೇಶನ್ ಅನ್ನೋ ಕಡೆ ಹೋಗಿ ನಿಮಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು. ನಾನು ಸಬ್‌ಮಿಷನ್ ಅನ್ನೋದಕ್ಕೆಲ್ಲ ದೊಡ್ಡ ದೊಡ್ಡ ಪದ ಹುಡುಕೋಕೆ ಹೋಗಲಿಲ್ಲ. "ಹೋಂವರ್ಕ್ ಕಳಿಸು" ಅಂತ ಹಾಕಿದೆ. ಕೆಲಸ ಆಯಿತು.

ನಿಮ್ಮ ಪಾಠ, ಪ್ರಶ್ನೆ ಎಲ್ಲ ಕನ್ನಡದಲ್ಲಿ ಹಾಕೋಕೆ ತೊಂದರೆಯೇ ಇಲ್ಲ, ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಫೋನ್ ಒಪ್ಪುವ ಅಕ್ಷರ ಪದ್ಧತಿ, ಇದ್ದರೆ. ಇಲ್ಲಿ ಒಂದು ಗುಂಡಿ ಇದೆ, ನಾನು ಪೂರ್ತಿ ಬಿದ್ದು ಎದ್ದವನು. ನಮ್ಮಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ಫಾಂಟಿನಲ್ಲಿ ಟೈಪ್ ಆಗಿರುತ್ತವೆ. ಹಳೆಯ ನುಡಿ ಮಾಡೋದೇನು ಅಂದರೆ, ಇಂಗ್ಲಿಷ್ ಅಕ್ಷರ, ಗುರುತುಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸೋದು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಗುರುತು. ಅದನ್ನು ಕಾಪಿ ಮಾಡಿ ಮೂಡಲ್‌ಗೆ ಹಾಕಿದರೆ ವೇಷ ಕಳಚುತ್ತದೆ. ಕನ್ನಡ ಅನ್ನೋ ಪದವೇ ಪಿ, ತಲೆ ಮೇಲೆ ಓರೆಗೆರೆ ಇರುವ ಎ, ಪೌಂಡ್ ಗುರುತು ಅಂತ ಸಾಲಾಗಿ ನಿಲ್ಲುತ್ತದೆ. ನಾನು ರಾತ್ರಿ 200 ಪ್ರಶ್ನೆ ಹಾಕಿ ಮಲಗಿದ್ದೆ. ನನ್ನ ಲ್ಯಾಪ್‌ಟಾಪ್‌ನ ವರ್ಡ್‌ನಲ್ಲಿ ಚೆನ್ನಾಗೇ ಕಂಡಿತ್ತು, ಮೂಡಲ್‌ನಲ್ಲಿ ಒಂದನ್ನಾದರೂ ತೆರೆದು ನೋಡಬೇಕಿತ್ತು, ನೋಡಲಿಲ್ಲ. ಬೆಳಿಗ್ಗೆ ಮಕ್ಕಳು "ಸರ್, ಇದು ಯಾವ ಭಾಷೆ" ಅಂತ ಕೇಳಿದರು. ನುಡಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಮೊದಲು ಅದರಲ್ಲಿ ಹಾಯಿಸಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ, ಅಲ್ಲೇ ಎಡವೋದು. ಇನ್ನು ಮುಂದೆ ಟೈಪ್ ಮಾಡುವುದನ್ನು ಯೂನಿಕೋಡ್‌ನಲ್ಲೇ ಮಾಡಿ. ಈಗಿನ ನುಡಿಯಲ್ಲೂ ಆ ಆಯ್ಕೆ ಇದೆ.

ಹಾಗೆ ತಿರುಗಿಸಿದ ಪ್ರಶ್ನೆಗಳನ್ನು ಒಂದೊಂದಾಗಿ ಮೂಡಲ್‌ನಲ್ಲಿ ತುಂಬಿಸೋಕೆ ಹೋಗಬೇಡಿ, ಕೈ ಬಿದ್ದುಹೋಗುತ್ತದೆ. ಐಕೆನ್ ಅನ್ನೋ ವಿಧಾನ ಇದೆ, ನೋಟ್‌ಪ್ಯಾಡ್ ಸಾಕು. ಮೊದಲ ಸಾಲಿನಲ್ಲಿ ಪ್ರಶ್ನೆ: ಎರಡಂಕಿಯ ಅತಿ ಚಿಕ್ಕ ಅವಿಭಾಜ್ಯ ಸಂಖ್ಯೆ ಯಾವುದು? ಆಮೇಲೆ ಒಂದೊಂದು ಸಾಲಿಗೆ ಒಂದೊಂದು ಆಯ್ಕೆ: 10, 11, 12, 13. ಪ್ರತಿ ಆಯ್ಕೆಯ ಮುಂದೆ ಇಂಗ್ಲಿಷಿನ ದೊಡ್ಡಕ್ಷರದ ಎ, ಬಿ, ಸಿ, ಡಿ, ಅದರ ಪಕ್ಕ ಒಂದು ಚುಕ್ಕೆ, ಒಂದು ಸ್ಪೇಸ್. ಕೊನೆಯ ಸಾಲಿನಲ್ಲಿ ಆನ್ಸರ್ ಅಂತ ಇಂಗ್ಲಿಷಿನಲ್ಲೇ, ಪೂರ್ತಿ ದೊಡ್ಡಕ್ಷರದಲ್ಲಿ, ಕೋಲನ್, ಸ್ಪೇಸ್, ಬಿ. ಒಂದು ಸಾಲು ಖಾಲಿ ಬಿಟ್ಟು ಮುಂದಿನ ಪ್ರಶ್ನೆ. ಎ ಬಿ ಸಿ ಡಿ ಬದಲು ಅ ಆ ಇ ಈ ಹಾಕಿದರೆ ಒಪ್ಪೋದಿಲ್ಲ. ಸೇವ್ ಮಾಡುವಾಗ ಯುಟಿಎಫ್-8 ಅಂತ ಆರಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ನೂರು ಪ್ರಶ್ನೆ ಎರಡು ನಿಮಿಷದಲ್ಲಿ ಒಳಗೆ. ಚಿತ್ರ ಇರುವ ಪ್ರಶ್ನೆಗೆ ಇದು ಆಗಲ್ಲ, ಅವನ್ನು ಕೈಯಲ್ಲೇ ಹಾಕಬೇಕು. ಆ ನೋಟ್‌ಪ್ಯಾಡ್ ಫೈಲ್ ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ನಾಳೆ ಮೂಡಲ್ಲೇ ಬೇಡ ಅನಿಸಿದರೂ ಪ್ರಶ್ನೆಗಳು ನಿಮ್ಮ ಕೈಯಲ್ಲಿರುತ್ತವೆ.

ಆನ್‌ಲೈನ್ ಟೆಸ್ಟ್‌ನಲ್ಲಿ ಕಾಪಿ ಹೊಡೆಯುತ್ತಾರೆ ಅಂತ ಕೇಳುತ್ತೀರಿ, ಗೊತ್ತು. ಹೊಡೆಯುತ್ತಾರೆ. ಭಂಡಾರದಲ್ಲಿ 60 ಪ್ರಶ್ನೆ ಇಟ್ಟು ಒಬ್ಬೊಬ್ಬರಿಗೂ ಬೇರೆ ಬೇರೆ 15 ಹೋಗುವ ಹಾಗೆ ಮಾಡಿ, ಸ್ವಲ್ಪ ಕಮ್ಮಿ ಆಗುತ್ತದೆ. ಇದನ್ನು ಅಭ್ಯಾಸಕ್ಕೆ ಅಂತ ಇಟ್ಟುಕೊಳ್ಳಿ, ಮುಖ್ಯ ಪರೀಕ್ಷೆ ನೇರ ಕ್ಲಾಸಿನಲ್ಲಿ ಕಾಗದದ ಮೇಲೆ ಮಾಡಿ.

ಮಳೆಗಾಲದ ವಿಷಯ. ಮೂಡಲ್ ಆ್ಯಪ್‌ನಲ್ಲಿ ನೆಟ್‌ವರ್ಕ್ ಇದ್ದಾಗ ಪಾಠ ಇಳಿಸಿಕೊಂಡು ಇಲ್ಲದಾಗ ಓದಬಹುದು. ಟೆಸ್ಟ್ ಕೂಡ ಹಾಗೇ ಬರೆಯಬಹುದು, ಆಮೇಲೆ ನೆಟ್‌ವರ್ಕ್ ಸಿಕ್ಕಿದ ಕಡೆ ಕಳಿಸಿದರಾಯಿತು. ಆದರೆ ಟೆಸ್ಟ್ ಸೆಟ್ಟಿಂಗ್‌ನಲ್ಲಿ ಆಫ್‌ಲೈನ್‌ಗೆ ಅನುಮತಿ ಅಂತ ಕೊಡಬೇಕು, ಮತ್ತು ಸಮಯದ ಮಿತಿ ಹಾಕಬಾರದು. 20 ನಿಮಿಷ ಅಂತ ಹಾಕಿದರೆ ಆಫ್‌ಲೈನ್ ಸಿಗೋದಿಲ್ಲ. ನಾನಾದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸಮಯದ ಮಿತಿ ತೆಗೆದೇ ಇಡುತ್ತೇನೆ. ಒಂದೇ ಫೋನಿನಲ್ಲಿ ಅಕ್ಕ ತಮ್ಮ ಇಬ್ಬರೂ ಇದ್ದರೆ ಆ್ಯಪ್‌ನಲ್ಲಿ ಎರಡು ಖಾತೆ ಇಟ್ಟುಕೊಂಡು ಬದಲಾಯಿಸಿಕೊಳ್ಳಬಹುದು. ಆ್ಯಪ್‌ನ ಉಚಿತ ಪ್ಲಾನ್‌ನಲ್ಲಿ ಎಷ್ಟು ಫೋನಿಗೆ ನೋಟಿಫಿಕೇಶನ್ ಹೋಗಬಹುದು ಅನ್ನೋದಕ್ಕೆ ಮಿತಿ ಇದೆ, ನಿಮ್ಮ 140 ಮಕ್ಕಳಿಗೆ ಸಾಲದು. ಅದಕ್ಕೆ ದುಡ್ಡು ಕೊಡಬೇಡಿ. "ಹೊಸ ಹೋಂವರ್ಕ್ ಹಾಕಿದ್ದೇನೆ" ಅಂತ ವಾಟ್ಸಾಪ್ ಗ್ರೂಪಿಗೆ ಒಂದು ಸಾಲು ಹಾಕಿ. ವಾಟ್ಸಾಪ್ ಇರಲಿ, ಡಂಗುರ ಸಾರೋಕೆ. ಗ್ರೂಪಿನಲ್ಲಿ ನೀವು ಮಾತ್ರ ಬರೆಯುವ ಹಾಗೆ ಮಾಡಿ.

ವಿಡಿಯೊ ಬಗ್ಗೆ ಸ್ವಲ್ಪ ಹೇಳಿ ಮುಗಿಸುತ್ತೇನೆ. ಬಿಗ್‌ಬ್ಲೂಬಟನ್ ಶುರುವಾದದ್ದು 2007ರಲ್ಲಿ, ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ, ಪಾಠಕ್ಕೆ ಅಂತಲೇ ಮಾಡಿದ್ದು. ಬಿಳಿ ಹಲಗೆ, ಕೈ ಎತ್ತೋದು, ಸಣ್ಣ ಗುಂಪು ಮಾಡೋದು ಎಲ್ಲ ಚೆನ್ನಾಗಿದೆ. ಆದರೆ ನೀವೇ ನಡೆಸಬೇಕಾದರೆ 8 ಕೋರ್, 16 ಜಿಬಿ ರ್‍ಯಾಮ್‌ನ ಸರ್ವರ್ ಬೇಕು ಅಂತ ಅವರೇ ಹೇಳುತ್ತಾರೆ. ಆ ಬಾಡಿಗೆ ನಿಮ್ಮ ಟ್ಯೂಷನ್‌ಗೆ ಹೊಂದುವುದಿಲ್ಲ. ಮೂಡಲ್ 4.0ರಿಂದ ಈಚೆಗೆ ಬಿಗ್‌ಬ್ಲೂಬಟನ್ ಒಳಗೇ ಕೂತಿದೆ, ಉಚಿತವಾಗಿ ಸಿಗೋದು 25 ಜನಕ್ಕೆ, 60 ನಿಮಿಷಕ್ಕೆ, ರೆಕಾರ್ಡಿಂಗ್ 7 ದಿನ ಇರುತ್ತದೆ. ಸಂದೇಹ ಕೇಳುವ ಸಣ್ಣ ಕ್ಲಾಸಿಗೆ ಸಾಕು, ಪೂರ್ತಿ ಬ್ಯಾಚಿಗೆ ಸಾಲದು. ಜಿಟ್ಸಿಯ ಉಚಿತ ತಾಣದಲ್ಲಿ 2023ರಿಂದ ಕ್ಲಾಸ್ ತೆರೆಯುವವರು ಗೂಗಲ್ ಅಥವಾ ಬೇರೆ ಖಾತೆಯಿಂದ ಒಳಗೆ ಬರಬೇಕು, ಮಕ್ಕಳಿಗೆ ಖಾತೆ ಬೇಡ, ಕೊಂಡಿ ಒತ್ತಿದರೆ ಸಾಕು. ಮುಂದಿನ ವರ್ಷ ಪ್ರಯತ್ನಿಸಿ ನೋಡಿ. ಯಾವುದೇ ಬಳಸಿದರೂ ಮಕ್ಕಳ ಕ್ಯಾಮೆರಾ ಆಫ್ ಇರಲಿ. ಸೆಕೆಂಡಿಗೆ 1 ಮೆಗಾಬಿಟ್ ವಿಡಿಯೊ ಓಡಿದರೆ ಗಂಟೆಗೆ 450 ಎಂಬಿ ಖರ್ಚು. 40 ಕಿಲೋಬಿಟ್‌ನ ಬರೀ ದನಿ ಆದರೆ 18 ಎಂಬಿ. ಅಪ್ಪನ ಫೋನಿನ ಡೇಟಾ ಮುಗಿಸಿ ಬೈಸಿಕೊಳ್ಳುವ ಮಗು ಮರುದಿನ ಕ್ಲಾಸಿಗೆ ಬರೋದಿಲ್ಲ.

ಕೊಟ್ಟಿಗೆ ಬಾಚೋರು ಯಾರು ಅಂದಿದ್ದೆನಲ್ಲ. ವಾರಕ್ಕೆ ಒಂದು ಗಂಟೆ ನಿಮ್ಮ ತಮ್ಮ ಕೊಡಬೇಕು, ಬಾಯಿಮಾತಿಗಲ್ಲ, ಭಾನುವಾರ ಬೆಳಿಗ್ಗೆ ಅಂತ ಗೊತ್ತುಮಾಡಿಕೊಂಡು. ಸೆಕ್ಯುರಿಟಿ ತೇಪೆ ಹಾಕೋದು, ಡಿಸ್ಕ್ ಎಷ್ಟು ತುಂಬಿದೆ ನೋಡೋದು, ಬ್ಯಾಕಪ್ ಮನೆಗೆ ತರೋದು. ಮನೆಗೆ ಅಂತ ಒತ್ತಿ ಹೇಳುತ್ತಿದ್ದೇನೆ. ನಾನು ಒಂದು ವರ್ಷ ದಿನಾ ತಪ್ಪದೆ ಬ್ಯಾಕಪ್ ಮಾಡಿಸಿದ್ದೆ, ಅದೇ ಸರ್ವರ್‌ನ ಅದೇ ಡಿಸ್ಕ್ ಮೇಲೆ. ಡಿಸ್ಕ್ ಹೋದಾಗ ಎರಡೂ ಹೋದವು. ಡೇಟಾಬೇಸ್ ಮತ್ತು ಮೂಡಲ್‌ಡೇಟಾ ಫೋಲ್ಡರ್, ಎರಡೂ ಮನೆಯ ಹಾರ್ಡ್‌ಡಿಸ್ಕ್‌ಗೆ ಬರಬೇಕು. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ ತೆರೆಯುತ್ತದಾ ಅಂತ ನಿಜವಾಗಿ ತೆರೆದು ನೋಡಬೇಕು. ನಿಮ್ಮ ತಮ್ಮ ಕೆಲಸಕ್ಕೆ ಅಂತ ಬೆಂಗಳೂರು ಸೇರಿ ಕೈಗೆ ಸಿಗದೇ ಹೋದರೆ ಈ ಉಸಾಬರಿ ನಿಮಗೆ ಒಬ್ಬರಿಗೇ ಕಷ್ಟ. ಸರ್ವರ್ ಎಲ್ಲ ಕಂಪನಿಯವರೇ ನೋಡಿಕೊಂಡು ದುಡ್ಡು ತಗೊಳ್ಳುವ ಮೂಡಲ್‌ಕ್ಲೌಡ್ ತರಹದ್ದಕ್ಕೆ ಹೋಗಿ. ಬ್ಯಾಕಪ್ ಫೈಲ್ ಅಲ್ಲೂ ತೆರೆಯುತ್ತದೆ.

ದಿನಾ ನಡೆಸೋದು ನಿಮ್ಮಿಂದ ಖಂಡಿತ ಆಗುತ್ತದೆ, ವಾಟ್ಸಾಪ್‌ನಲ್ಲಿ 140 ಮಕ್ಕಳನ್ನು ಹಿಡಿದಿಟ್ಟವರಿಗೆ ಇದು ದೊಡ್ಡದಲ್ಲ. ಮಕ್ಕಳ ಖಾತೆಗಳನ್ನು ಒಂದು ಸಿಎಸ್‌ವಿ ಫೈಲಿನಿಂದ, ಅಂದರೆ ಅಲ್ಪವಿರಾಮ ಹಾಕಿ ಬರೆದ ಸಾದಾ ಪಟ್ಟಿಯಿಂದ, ಒಟ್ಟಿಗೆ ಮಾಡಿ. ಯೂಸರ್‌ನೇಮ್‌ಗೆ ಫೋನ್ ನಂಬರ್ ಬೇಡ, ಬ್ಯಾಚ್ ಮತ್ತು ರೋಲ್ ನಂಬರ್ ಸಾಕು. ಆಧಾರ್, ಮನೆ ವಿಳಾಸ, ಹುಟ್ಟಿದ ದಿನ ಏನೂ ತುಂಬಬೇಡಿ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತಿದೆ. ಸೇರಿಸಿಕೊಳ್ಳುವ ಅರ್ಜಿಯಲ್ಲೇ ಒಂದು ಸಾಲು ಹಾಕಿ ಸಹಿ ತಗೊಳ್ಳಿ.

ಮೊದಲು ಒಂದೇ ಬ್ಯಾಚ್ ಹಾಕಿ, 9ನೇ ಕ್ಲಾಸ್ ಒಳ್ಳೆಯದು, ಪಬ್ಲಿಕ್ ಪರೀಕ್ಷೆ ಚಿಂತೆ ಇರೋದಿಲ್ಲ. ಮೊದಲ ಹೋಂವರ್ಕ್ ಗಣಿತ ಬೇಡ. ನಿಮ್ಮ ಮನೆ ಅಂಗಳದ ಒಂದು ಫೋಟೊ ಕಳಿಸಿ ಅಂತ ಕೊಡಿ, ಮಾರ್ಕ್ಸ್ ಇಲ್ಲ. ಎರಡು ದಿನ ಬಿಟ್ಟು ಪಟ್ಟಿ ತೆರೆಯಿರಿ. ಯಾರ ಹೆಸರಿನ ಮುಂದೆ ಖಾಲಿ ಇದೆಯೋ ಅವರ ಮನೆಗೆ ಒಂದೊಂದು ಫೋನ್ ಮಾಡಿ. ಪಾಸ್‌ವರ್ಡ್ ಮರೆತವರು ಯಾರು, ಫೋನ್ ಹಳೆಯದು ಯಾರದ್ದು, ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಮನೆ ಯಾವುದು ಅಂತ ಪಾಠ ಶುರುವಾಗುವ ಮೊದಲೇ ನಿಮಗೆ ಗೊತ್ತಾಗಿರುತ್ತದೆ.